ಬಸ್ಸಿನಲ್ಲಿ ನನ್ನ ಪಕ್ಕ ಕೂತವನು

ಸತ್ತವರು ಬಂದು ಹೋದರು ಅಂತ ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಮಧುಗಿರಿಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇದನ್ನು ನೀವು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ.

ನನ್ನ ತಮ್ಮ ನಾಗ ಶಿರಾದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ. ಅವನ ಎರಡೂ ಕಿಡ್ನಿ ಕೆಟ್ಟಾಗ ನನ್ನದೊಂದನ್ನು ಕೊಟ್ಟೆ. ಚೆನ್ನಾಗಿ ಹೊಂದಿಕೊಂಡಿತು, ಮತ್ತೆ ಅಂಗಡಿಗೂ ಹೋಗತೊಡಗಿದ. ಸಿಕ್ಕಾಗಲೆಲ್ಲ ನನ್ನ ಎಡಪಕ್ಕೆಯ ಮೇಲೆ ಅಂಗೈಯಿಟ್ಟು, "ನೋಯ್ತೈತೇನಕ್ಕ?" ಅನ್ನುತ್ತಿದ್ದ. "ಇಲ್ಲ ಕಣ್ಲಾ, ಬುಡು" ಅನ್ನುತ್ತಿದ್ದೆ.

ಆಮೇಲೆ ಅವನ ಕತ್ತಿನಲ್ಲಿ ಗಂಟುಗಳೆದ್ದವು. ಬೆಂಗಳೂರಿನ ಡಾಕ್ಟರು ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್ ಅಂದರು. ಬಹುತೇಕ ಎಲ್ಲರ ಮೈಯಲ್ಲೂ ಚಿಕ್ಕಂದಿನಿಂದ ತೆಪ್ಪಗೆ ಇರುವ ಒಂದು ವೈರಸ್ಸಿನಿಂದ ಬಂದದ್ದಂತೆ. ಕಿಡ್ನಿ ಉಳಿಯಲೆಂದು ನುಂಗುತ್ತಿದ್ದ ಮಾತ್ರೆಗಳಿಂದ ರೋಗ ತಡೆಯುವ ಶಕ್ತಿ ಕುಗ್ಗಿದ್ದೇ ಅದು ಹೆಡೆಯೆತ್ತಿತ್ತು. ಅಪರೂಪಕ್ಕೆ ಹೀಗಾಗುತ್ತದಂತೆ. ಮಾತ್ರೆ ಕಡಿಮೆ ಮಾಡೋಣ, ಆದರೆ ಕಿಡ್ನಿ ಕೈಕೊಡಬಹುದು ಅಂದರು.

"ಅಕ್ಕ ಕೊಟ್ಟಿದ್ದು ಹಾಳಾಗ್ಬಾರ್ದು ಸಾರ್" ಅಂತ ನಾಗ ಅತ್ತುಬಿಟ್ಟ.

"ಅದು ಹೋದ್ರೆ ಹೋಗ್ಲಿ. ನೀನು ಉಳ್ಕೊಳ್ಳಲಾ" ಅಂತ ಗದರಿಸಿ ಒಪ್ಪಿಸಿದೆ. ಮಾತ್ರೆ ಕಡಿಮೆ ಮಾಡಿದರು, ಕೀಮೋ ಕೊಟ್ಟರು. ಗಂಟುಗಳು ಕರಗಲಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಅವನ ಮಗಳನ್ನು ನಮ್ಮನೆಗೆ ಕರೆತರಲು ಶಿರಾ ಬಸ್ಸು ಹತ್ತಿದೆ. ನನ್ನ ಬಲಕ್ಕೆ ಕಿಟಕಿ, ಎಡಗಡೆ ಸೀಟು ಖಾಲಿ. ಬಡವನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎಡಪಕ್ಕೆಯ ಮೇಲೆ ಯಾರೋ ಅಂಗೈ ಇಟ್ಟಂತಾಯಿತು. ಬೆಚ್ಚಗಿತ್ತು. ಕಿಟಕಿಯಾಚೆ ನೋಡುತ್ತಲೇ "ಇಲ್ಲ ಕಣ್ಲಾ" ಅಂದುಬಿಟ್ಟೆ. ತಿರುಗಿದರೆ ಯಾರೂ ಇಲ್ಲ.

ಆಚೆ ಸೀಟಿನಲ್ಲಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. "ನಿನ್ ಪಕ್ಕ ಕುಂತಿದ್ದ ಹುಡ್ಗ ಎಲ್ಲಿಳ್ದ ಕಣಮ್ಮ? ಬಸ್ಸು ಎಲ್ಲೂ ನಿಂತೇ ಇಲ್ವಲ್ಲ?"

ಅಷ್ಟರಲ್ಲಿ ಫೋನು ಬಂತು. ನಾಗನ ಹೆಂಡತಿ ಸಾವಿತ್ರಿ. "ಅತ್ಗೇ, ಇವ್ರು ಈಗ್ತಾನೆ ಹೋಗ್ಬುಟ್ರು..." ಅಂತ ಅತ್ತಳು.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, "ನಿಮ್ಮ ಕಿಡ್ನಿ ಕೊನೆವರೆಗೂ ಚೆನ್ನಾಗೇ ಕೆಲಸ ಮಾಡ್ತಿತ್ತಮ್ಮ" ಅಂದರು. ಸಮಾಧಾನಕ್ಕೆಂದೇ ಹೇಳಿದ್ದು ಪಾಪ. ಅಲ್ಲಿಯತನಕ ತಡೆದುಕೊಂಡಿದ್ದವಳು ಆ ಮಾತಿಗೆ ಕುಸಿದೆ.

ಆ ಸ್ಪರ್ಶವನ್ನು ಹಳೇ ಗಾಯದ ನರಗಳ ಆಟ ಅಂತ ತಳ್ಳಿಹಾಕಬಲ್ಲೆ. ಅಜ್ಜಿ ಕಂಡದ್ದನ್ನು ಏನನ್ನಲಿ? ಅವಳ ಊರು, ಹೆಸರು ಏನನ್ನೂ ಕೇಳಲಿಲ್ಲ. ಇವತ್ತಿಗೂ ಆ ದಾರಿಯ ಬಸ್ಸು ಹತ್ತಿದರೆ ಮುದುಕಿಯರ ಮುಖ ನೋಡುತ್ತೇನೆ. ಸಿಕ್ಕರೆ ಒಂದೇ ಮಾತು ಕೇಳಬೇಕು: ಅವನ ಮುಖ ಬಾಡಿತ್ತೇ, ನಗುತ್ತಿದ್ದನೇ?