ಆಯಿಯ ಮೂಗು

ಸೋಲಾಪುರದ ಓಣಿಗಳಲ್ಲಿ ಚಳಿಗಾಲದ ಸಂಜೆ ನಡೆಯುವಾಗ ಯಾರದೋ ಅಡುಗೆಮನೆಯ ಕಿಟಕಿಯಿಂದ ಒಣಕೊಬ್ಬರಿ ಸುಡುವ ವಾಸನೆ ಬಂದರೆ ನನ್ನ ಕಾಲುಗಳು ತಾವಾಗಿಯೇ ನಿಂತುಬಿಡುತ್ತವೆ. ಹೋದ ವಾರ ಹಾಗೆ ನಿಂತವನನ್ನು ಕಂಡು ಆ ಮನೆಯ ಹೆಣ್ಣುಮಗಳು ಹೊರಗೆ ಬಂದು ‘ಕೋಣ್ ಪಾಹಿಜೆ?’ ಎಂದು ಮರಾಠಿಯಲ್ಲಿ ಯಾರು ಬೇಕೆಂದು ಕೇಳಿದಳು. ಆಯಿ ಬೇಕು ಎಂದು ಬಾಯಿಗೆ ಬಂದಿತ್ತು. ಇಷ್ಟೆತ್ತರ ಬೆಳೆದ ಗಡ್ಡದವನು ಹಾಗೆಂದರೆ ಓಣಿ ಕೂಡಿಸಿ ಹೊಡೆದಾಳೆಂದು ಹೆದರಿ, ಯಾವುದೋ ಹೆಸರು ಹೇಳಿ ಜಾರಿಕೊಂಡೆ. ವಾಸನೆ ಮಾತ್ರ ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂತು. ನಿಮಗೂ ಇಂಥದೊಂದು ಕಿಟಕಿ ಎಲ್ಲಾದರೂ ಇದ್ದೇ ಇರುತ್ತದೆ, ನಾನು ಹೇಳಬೇಕಾಗಿಲ್ಲ.

ಅಕ್ಕಲಕೋಟದ ಹತ್ತಿರ ಕುರನೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಆಯಿ ಎಂದರೆ ಅಪ್ಪನ ತಾಯಿ. ಚಳಿಗಾಲದಲ್ಲಿ ಪ್ರತಿ ಐತವಾರ ಅವಳ ಕೈಯ ಕಾಯಿಪಲ್ಲೆ ಸಾರು. ಬದನೆಕಾಯಿ, ಗಜ್ಜರಿ, ನುಗ್ಗೆಕಾಯಿ, ಆಗಷ್ಟೇ ಸುಲಿದ ಹಸಿಗಡಲೆ, ಕೊನೆಯಲ್ಲಿ ಒಂದು ಹಿಡಿ ಮೆಂತ್ಯೆ ಸೊಪ್ಪು. ಕೆಂಡದಲ್ಲಿ ಕಪ್ಪಾಗುವತನಕ ಸುಟ್ಟ ಉಳ್ಳಾಗಡ್ಡಿ ಮತ್ತು ಕೊಬ್ಬರಿ, ಹುರಿದ ಎಳ್ಳು, ಬೆಳ್ಳುಳ್ಳಿ, ಕರಿಖಾರ ಎಲ್ಲವನ್ನೂ ಅರೆದು ಎಣ್ಣೆಗೆ ಹಾಕಿದರೆ ಪಡಸಾಲೆಯಲ್ಲಿ ಕೂತವರೆಲ್ಲ ಸಾಲಾಗಿ ಸೀನುತ್ತಿದ್ದರು. ಊರ ಪಕ್ಕದ ಅಣೆಕಟ್ಟಿನ ನೀರಿನ ಮೇಲಿಂದ ಬರುವ ಗಾಳಿ ಎಲುಬಿಗೆ ಇಳಿಯುತ್ತಿತ್ತು. ಕುರಿದೊಡ್ಡಿಯಿಂದ ಕಂಬಳಿ ಹೊದ್ದು ಬಂದ ಮುತ್ಯಾ, ನನ್ನ ಅಜ್ಜ, ಸಾರಿನ ಬಟ್ಟಲನ್ನು, ನಮ್ಮ ಮಾತಿನ ವಾಟಗವನ್ನು, ಎರಡೂ ಅಂಗೈಯಲ್ಲಿ ಹಿಡಿದು, ಮೊದಲು ಕೈ ಕಾಸಿಕೊಂಡು, ಆಮೇಲೆ ಸುರ್ರೆಂದು ಕುಡಿದು ‘ಹಾ…’ ಎನ್ನುತ್ತಿದ್ದ. ಆ ‘ಹಾ’ವನ್ನು ನಾನು ಅವನದೇ ದನಿಯಲ್ಲಿ ಎಷ್ಟು ಚೆನ್ನಾಗಿ ಎತ್ತುತ್ತಿದ್ದೆನೆಂದರೆ ದೊಡ್ಡಿಯ ನಾಯಿ ಅವನೇ ಎಂದುಕೊಂಡು ಬಾಲ ಅಲ್ಲಾಡಿಸಿಕೊಂಡು ನನ್ನ ಹತ್ತಿರ ಬರುತ್ತಿತ್ತು.

ನಕಲಿ ಮಾಡುವುದೇ ನನ್ನ ಕಸುಬಾಗಿತ್ತು. ಬಸ್ಸಿನ ಕಂಡಕ್ಟರನೊಂದಿಗೆ ಅಪ್ಪ ಮರಾಠಿಯಲ್ಲಿ ಜಗಳ ಶುರುಮಾಡಿ, ಸಿಟ್ಟು ಏರಿದಂತೆ ಕನ್ನಡಕ್ಕೆ ಇಳಿಯುವುದು. ಅಪ್ಪನ ತಮ್ಮ, ಕಾಕಾ, ನಿದ್ದೆಯಲ್ಲಿ ಎತ್ತು ಹೊಡೆಯುವುದು. ಸಾಲಿಯಲ್ಲಿ ಪದ್ಯ ಮರೆತು ನಾನೇ ಬೆವರುವುದು. ಯಾರನ್ನೂ ಬಿಟ್ಟಿರಲಿಲ್ಲ, ನನ್ನನ್ನೂ. ಆದರೆ ಜನ ಬೇಡಿ ಬೇಡಿ ಮಾಡಿಸುತ್ತಿದ್ದುದು ಆಯಿಯ ಮೂಗಿನ ನಕಲಿ. ಐತವಾರ ನಮ್ಮ ಮನೆದೇವರು ಬೀರಪ್ಪನ ವಾರ. ಅವನಿಗೆ ಎಡೆ ಹಿಡಿಯುವತನಕ ಅಡುಗೆಯನ್ನು ಯಾರೂ ನಾಲಗೆಗೆ ತಾಗಿಸುವಂತಿರಲಿಲ್ಲ. ಹಾಗಾಗಿ ಆಯಿ ಗಡಿಗೆಯ ಮುಚ್ಚಳ ತೆಗೆದು, ಹಬೆಯನ್ನು ಕೈಯಿಂದ ಮೂಗಿನತ್ತ ಎಳೆದುಕೊಂಡು, ಕಣ್ಣುಮುಚ್ಚಿ ‘ಉಪ್ಪು ಚೂರು ಕಡಿಮಿ ಅದ’ ಎಂದು ತೀರ್ಪು ಕೊಡುತ್ತಿದ್ದಳು. ಎಂದೂ ತಪ್ಪುತ್ತಿರಲಿಲ್ಲ. ಉಪ್ಪಿಗೆ ವಾಸನೆಯೇ ಇಲ್ಲವೆಂದು ಮಾಸ್ತರು ಹೇಳಿದ್ದಾರೆ ಎಂದರೆ, ‘ನಿಮ್ಮ ಮಾಸ್ತರಗ ನೆಗಡಿ ಆಗಿರಬೇಕು’ ಎನ್ನುವಳು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಬೀರಪ್ಪನ ಎಡೆಯ ಅಡುಗೆ ಮಾಡುವವಳದೇ ಒಲೆಯ ಮುಂದಿನ ಜಾಗ. ಅವಳ ಕೈ ತಪ್ಪತೊಡಗಿತೆಂದರೆ ಜಾಗ ಸೊಸೆಗೆ. ಆಯಿಗೂ ಅದು ಅವಳ ಅತ್ತೆಯಿಂದ ಹಾಗೇ ಬಂದದ್ದು. ನನ್ನ ಅವ್ವನಿಗೆ ಹೊಲವೇ ಹಿತವಾದ್ದರಿಂದ ಒಲೆಗೆ ಮುಂದಿನವಳು ಕಾಕಾನ ಹೆಂಡತಿ, ಕಾಕಿ. ಅಕ್ಕಲಕೋಟದ ಪೇಟೆಯಲ್ಲಿ ಬೆಳೆದ ಚುರುಕು ಹೆಂಗಸು. ‘ಅತ್ತ್ಯಾರ ಸಾರು ಕುದಿಯೂದ್ರಾಗ ಕುರಿ ಮರಿ ಹಾಕಿರ್ತಾವ’ ಎಂದು ಆಯಿಗೆ ಕೇಳುವಂತೆಯೇ ಗೊಣಗುತ್ತ ಮಸಾಲೆ ಅರೆಯುತ್ತಿದ್ದಳು. ಒಲೆಯ ಹತ್ತಿರ ಬಂದರೆ ಆಯಿ ‘ಅತ್ತಾಗ ಸರಿ ಬೇ, ನಾ ನೋಡ್ತೀನಿ’ ಎನ್ನುವಳು, ಕಾಕಿ ಸೆರಗನ್ನು ತಲೆಗೆ ಎಳೆದುಕೊಂಡು ಪಕ್ಕಕ್ಕೆ ಸರಿಯುವಳು.

ಒಂದು ಚಳಿಗಾಲ ಆಯಿಗೆ ಜ್ವರ ಬಂದು ಹೋಯಿತು. ಅದಾದ ಮೇಲಿನ ಐತವಾರ ಅವಳು ಎಂದಿನಂತೆ ಹಬೆ ಎಳೆದುಕೊಂಡು ‘ಛಲೋ ಆಗೇದ’ ಎಂದಳು. ಎಡೆ ಆಯಿತು, ಊಟಕ್ಕೆ ಕೂತೆವು. ಸಾರಿನಲ್ಲಿ ಒಂದು ಹರಳು ಉಪ್ಪಿರಲಿಲ್ಲ. ಮುತ್ಯಾ ‘ಹಾ…’ ಎನ್ನಲು ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡ. ಕಾಕಾ ‘ಅಲ್ಲಬೇ ಅವ್ವ’ ಎಂದು ಶುರುಮಾಡುವಷ್ಟರಲ್ಲಿ ಕಾಕಿ ಅವನ ಗಂಗಾಳಕ್ಕೆ ರೊಟ್ಟಿ ಬಡಿದು, ‘ಸುಮ್ನ ಉಣ್ರಿ’ ಎಂದಳು. ಉಪ್ಪಿನ ಬಟ್ಟಲು ಕೈಯಿಂದ ಕೈಗೆ ದಾಟಿತು. ಆಯಿ ಆ ಬಟ್ಟಲನ್ನೇ ನೋಡುತ್ತ ಕೂತಿದ್ದಳು.

ಮುಂದಿನ ಐತವಾರ ಗಡಿಗೆ ಕುದಿಯುತ್ತಿದ್ದಾಗ ಆಯಿ ನನ್ನನ್ನು ಕರೆದಳು.

‘ಏ ನಕಲ್ಯಾ, ಬಾ ಇಲ್ಲಿ. ನನ್ನಂಗ ಮಾಡು.’

ನನಗೇನು, ಕರೆದು ಮಣೆ ಹಾಕಿದಂತಾಯಿತು. ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಬೆ ಎಳೆದುಕೊಂಡು, ಕಣ್ಣುಮುಚ್ಚಿ, ಅವಳದೇ ದನಿಯಲ್ಲಿ ‘ಉಪ್ಪು ಚೂರು ಕಡಿಮಿ ಅದ’ ಎಂದೆ. ಹಿತ್ತಲಲ್ಲಿದ್ದ ಕಾಕಿ ನಕ್ಕಳು. ಆಯಿ ನಗಲಿಲ್ಲ.

‘ಖರೇನ ಕಡಿಮಿ ಅದ? ಇಲ್ಲಾ ಬರೇ ನಕಲಿ ಮಾಡ್ಲಾಕತ್ತೀ?’

ಕಣ್ಣು ಬಿಟ್ಟು ನೋಡಿದೆ. ‘ನನಗ ವಾಸನಿ ಬರವಲ್ದು ಮಗಾ. ಏನಂದ್ರ ಏನೂ ಬರವಲ್ದು’ ಎಂದಳು, ಒಲೆಗೆ ಹೇಳುವಂತೆ. ನನ್ನ ಜಂಭ ಅಲ್ಲೇ ಇಳಿಯಿತು. ಇಷ್ಟು ವರ್ಷ ನಾನು ಆಯಿಯ ಮೂಗಿನ ಹೊಳ್ಳೆ ಅರಳುವುದನ್ನಷ್ಟೇ ಕಲಿತಿದ್ದೆ. ಆ ಹೊಳ್ಳೆಯೊಳಗೆ ಹೋಗುವುದೇನು ಎಂದು ಯೋಚಿಸಿಯೇ ಇರಲಿಲ್ಲ. ಅವಳು ಕಿವಿಯ ಹತ್ತಿರ ಬಂದು ಹೇಳಿಕೊಟ್ಟಳು: ಉಪ್ಪು ಬೀಳದಿದ್ದರೆ ಬದನೆಯದು ಬೇರೆ, ನುಗ್ಗೆಯದು ಬೇರೆ, ಕೂಡದ ಭಾವಂದಿರ ಹಾಗೆ ಅತ್ತತ್ತ ನಿಂತಿರುತ್ತವೆ, ಉಪ್ಪು ಬಿದ್ದರೆ ಎಲ್ಲಾ ಕೂಡಿ ಒಂದೇ ವಾಸನೆಯಾಗಿ ಏಳುತ್ತದೆ. ಅವಳು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋದಳು, ನಾನು ಮೂಸುತ್ತ ಹೋದೆ. ಹಬೆಗೆ ಮೂಗು ಸುಟ್ಟು ಮಾಗಿದ ತೊಂಡೆಹಣ್ಣಾಯಿತು. ಯಾವುದೋ ಗಳಿಗೆಯಲ್ಲಿ, ಸುಟ್ಟ ಕೊಬ್ಬರಿಯ ಬೆನ್ನೇರಿ ಎಲ್ಲವೂ ಒಟ್ಟಿಗೆ ಬಂದವು. ‘ಸಾಕು’ ಎಂದೆ, ನನ್ನದೇ ದನಿಯಲ್ಲಿ. ಅಂದು ಮುತ್ಯಾ ‘ಹಾ…’ ಎಂದ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆಯ ನೆಪ ಇದ್ದೇ ಇತ್ತು.

ಅಲ್ಲಿಂದ ಪ್ರತಿ ಐತವಾರ ಆಯಿ ಕರೆಯುವಳು, ನಾನು ನಕಲಿ ಮಾಡುವೆ, ಮನೆಯೆಲ್ಲ ನಗುವುದು, ಸಾರು ಸರಿಯಾಗುವುದು. ಕಾಕಿಗೆ ತಿಳಿದಿತ್ತೋ ಇಲ್ಲವೋ ಎಂದು ಬಹಳ ದಿನ ಅನುಮಾನವಿತ್ತು. ಒಮ್ಮೆ ನನಗೇ ನೆಗಡಿ ಹತ್ತಿ ಮೂಗು ಕಟ್ಟಿದಾಗ, ಅವಳು ಕಟ್ಟಿಗೆ ತರುವ ನೆಪದಲ್ಲಿ ಒಲೆಯ ಹತ್ತಿರ ಹಾದುಹೋಗುತ್ತ, ಯಾರಿಗೂ ಅಲ್ಲದಂತೆ ‘ಇನ್ನೊಂದು ಚಿಮಟಿ ಉಪ್ಪು’ ಎಂದಳು. ಅನುಮಾನ ಅಲ್ಲಿಗೆ ಮುಗಿಯಿತು. ಆಯಿ ಕೊನೆಯತನಕ ಒಲೆಯ ಮುಂದೆಯೇ ಇದ್ದಳು. ಅವಳ ಹಿಂದೆಯೇ ಮುತ್ಯಾ ಹೋದ, ಕುರಿ ಮಾರಿದರು, ಒಂದು ಮಳೆಗಾಲ ಮಾಳಿಗೆ ಕುಸಿಯಿತು. ಅಪ್ಪ ಅವ್ವ ಅಕ್ಕಲಕೋಟಕ್ಕೆ, ಕಾಕಾ ಕಾಕಿ ಸೋಲಾಪುರದ ಫ್ಲ್ಯಾಟಿಗೆ.

ಹೋದ ವರ್ಷದ ಚಳಿಯಲ್ಲಿ ಕಾಕಿಯ ಮನೆಗೆ ಹೋಗಿದ್ದೆ. ಗೌನು ಹಾಕಿಕೊಂಡು, ನಿಂತು ಮಾಡುವ ಕಟ್ಟೆಯಲ್ಲಿ ಗ್ಯಾಸಿನ ಮೇಲೆ ಸಾರಿಗೆ ಇಟ್ಟಿದ್ದಳು. ಮುತ್ಯಾನನ್ನು ಮಾಡಿದೆ, ಕಾಕಾನನ್ನು ಮಾಡಿದೆ, ಸೋಲಾಪುರಕ್ಕೆ ಬಂದು ನಯವಾಗಿ ಮರಾಠಿ ಮಾತಾಡುವ ನನ್ನನ್ನೇ ಮಾಡಿದೆ. ಕಾಕಿ ಪಕ್ಕೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಾತ್ರೆ ಕಲಕುತ್ತ, ತಿರುಗಿ ನೋಡದೆ ಕೇಳಿದಳು.

‘ಅತ್ತ್ಯಾರ್ದು ನಕಲಿ ಮಾಡೋ ಒಮ್ಮೆ. ಮರ್ತೀಯೇನ?’

ಎಷ್ಟೋ ವರ್ಷಗಳಿಂದ ಮಾಡಿರಲಿಲ್ಲ. ಅವಳ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಆಯಿಯ ದನಿ ಎಲ್ಲಿತ್ತೋ, ತಾನಾಗಿಯೇ ಬಂತು: ‘ಅತ್ತಾಗ ಸರಿ ಬೇ, ನಾ ನೋಡ್ತೀನಿ.’

ಕಾಕಿ ನಗಲಿಲ್ಲ. ಅವಳ ಎಡಗೈ ಹೆಗಲ ಮೇಲೆ ಹೋಗಿ, ತಲೆಗೆ ಹೊದ್ದುಕೊಳ್ಳಲು ಸೆರಗು ಹುಡುಕಿತು. ಗೌನಿಗೆ ಸೆರಗು ಇರಲಿಲ್ಲ. ಬರೀ ಅಂಗೈಯನ್ನು ತಲೆಯ ಮೇಲಿಟ್ಟುಕೊಂಡು, ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತಳು, ಒಬ್ಬರಿಗೆ ಸಾಕಾಗುವಷ್ಟು ಜಾಗ ಬಿಟ್ಟು.