ದುಖಾನ್‌ನಲ್ಲಿ ಕೇಳಿದ ಏಳು ತಲೆಮಾರು

ಬನ್ರಿ, ಕಾಲು ಚಾಚಿ ಕೂತು ಕೇಳ್ರಿ. ಕುವೈತ್ ಯುದ್ಧ ಮುಗಿದ ಮೇಲೆ ನಾನು ಕತಾರಿನ ದುಖಾನ್‌ಗೆ ಹೋಗಿದ್ದೆ. ಅಲ್ಲಿ ನರ್ಸ್ ಆಗಿದ್ದ ಮಗಳು ನೀಲಾ, ಎಣ್ಣೆ ಕಂಪನಿಯ ಬ್ರಿಟಿಷ್ ಎಂಜಿನಿಯರ್ ಹೆನ್ರಿಯನ್ನೇ ಮದುವೆ ಆಗುತ್ತೇನೆ ಅಂತ ಹಟ ಹಿಡಿದಿದ್ದಳು.

"ಅವ್ವಾ, ಅವ ಲಾರ್ಡ್ ಮನೆತನದವ" ಅಂದಳು.

ನನಗೆ ಅಲ್ಲೇ ಸಂಶಯ ಬಂತು. ಲಾರ್ಡ್ ಮನೆಯವ ಈ ಮರಳಿನಲ್ಲಿ ಯಾಕೆ ಬೆವರು ಸುರಿಸುತ್ತಾನೆ?

ಶುಕ್ರವಾರ ಊಟಕ್ಕೆ ಬಂದ. ರೊಟ್ಟಿ ಬಡಿಸುವ ಮೊದಲೇ ಕೇಳಿದೆ: "ನಮ್ಮ ಕಡೆ ಹೆಳವ ಎತ್ತಿನ ಮ್ಯಾಲೆ ಬಂದು ಮನೆತನದ ಏಳು ತಲೆಮಾರು ಹೇಳ್ತಾನಪಾ. ನಿನ್ನವು ನೀನ ಹೇಳು."

ನೀಲಾ ಮುಖ ಗಂಟು ಹಾಕಿಕೊಂಡೇ ಅವನಿಗೆ ತಿಳಿಸಿದಳು. ಅವನು ತನ್ನಿಂದ ಮೇಲಕ್ಕೆ ಬೆರಳು ಮಡಚುತ್ತ ಹೋಗಿ, ಮುತ್ತಜ್ಜನ ಹೆಸರಿಗೆ ನಿಂತ. ಅವನ ಮುಂದಿನ ಮಾತನ್ನು ನೀಲಾ ನನಗೆ ಕನ್ನಡದಲ್ಲಿ ಹೇಳಿದಳು:

"ಮುತ್ತಜ್ಜನ ತಾಯಿ ಆ ಲಾರ್ಡ್ ಮನೆಯ ಅಡುಗೆಯವಳು. ಲಾರ್ಡ್ ಅವಳನ್ನ ಮದುವೆ ಆಗಲಿಲ್ಲ. ಅದಕ್ಕೇ ನಮಗೆ ಅರಮನೆ ಇಲ್ಲ, ಬಿರುದೂ ಇಲ್ಲ."

ಸುಳ್ಳುಗಾರ ಆಗಿದ್ದರೆ ಇದನ್ನು ನುಂಗಿಕೊಳ್ಳುತ್ತಿದ್ದ. ನಾನು ರೊಟ್ಟಿ ಬಡಿಸಿದೆ.

ಈಗ ಅವರಿಬ್ಬರೂ ಲಂಡನ್ನಿನ ಹತ್ತಿರ ಇದ್ದಾರೆ, ಇಬ್ಬರು ಮಕ್ಕಳು. ನಾನು ಊರಲ್ಲೇ ಇದ್ದೇನೆ. ನಮ್ಮ ಹೆಳವ ಅಳಿಯನ ವಂಶವನ್ನೂ ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಆ ಅಡುಗೆಯವಳನ್ನು ಮಾತ್ರ ಪಟ್ಟದರಾಣಿ ಅಂತ ಬರೆದಿದ್ದಾನೆ. ತಿದ್ದು ಅಂತ ನಾನೂ ಹೇಳಲಿಲ್ಲ.