ಗ್ಲೌವಿಗೆ ಹಚ್ಚಿದ ಕುಂಕುಮ

ಎರಡು ವರ್ಷದ ಹಿಂದಿನ ಆಯುಧಪೂಜೆ. ನಾವಿರುವುದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ಹೆಂಡತಿ ಸವಿತಾ ನರ್ಸ್. ಅವಳ ಕೆಲಸದಿಂದಲೇ ನಾವು ಈ ದೇಶಕ್ಕೆ ಬಂದದ್ದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮೈಸೂರಿನಲ್ಲಿ ಟೈಲ್ಸ್ ಕೆಲಸ ಕಲಿತವನು. ಇಲ್ಲೂ ಅದೇ ಕೆಲಸ. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು.

ಮಗ ಚೇತನ್‌ಗೆ ಬೇಸ್‌ಬಾಲ್ ಹುಚ್ಚು. ಆಗ ಹೈಸ್ಕೂಲಿನ ಕೊನೆಯ ವರ್ಷ. ಅವನು ಆಡುವ ಜಾಗಕ್ಕೆ ಶಾರ್ಟ್‌ಸ್ಟಾಪ್ ಅನ್ನುತ್ತಾರೆ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು, ರೊಯ್ಯನೆ ಬರುವ ಚೆಂಡನ್ನು ಹಿಡಿದು, ಬ್ಯಾಟ್ ಬೀಸಿದವನು ಓಡಿ ಮುಟ್ಟುವುದರೊಳಗೆ ಮೊದಲನೇ ಬೇಸಿಗೆ ಎಸೆಯಬೇಕು. ಪೂಜೆಯ ಮರುದಿನ ಜಾರ್ಜ್‌ಟೌನ್‌ನಲ್ಲಿ ಮ್ಯಾಚ್ ಇತ್ತು. ಹ್ಯೂಸ್ಟನ್ನಿನ ಒಂದು ಕಾಲೇಜಿಗೆ ಆಟಗಾರರನ್ನು ಆರಿಸುವ ಸ್ಕೌಟ್ ಒಬ್ಬರು ಇವನನ್ನೇ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕಾಲೇಜು ತಂಡದಲ್ಲಿ ಜಾಗ. ಬೇರೆ ಯಾವ ಕಾಲೇಜೂ ಇವನ ಕಡೆ ತಿರುಗಿ ನೋಡಿರಲಿಲ್ಲ.

ಪೂಜೆಗೆ ಟೈಲ್ ಕಟ್ಟರ್, ಕರಣೆ, ರಸಮಟ್ಟ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತೇನೆ. ಆ ಸಲ ಚೇತನ್‌ನ ಚೆಂಡು ಹಿಡಿಯುವ ಚರ್ಮದ ಗ್ಲೌವನ್ನೂ ಇಟ್ಟೆ. ಕರಣೆಗೆ ಕುಂಕುಮ ಹಚ್ಚುವುದು ಕೆಲಸ ಮಾಡುವ ಅಲಗಿಗೆ. ಗ್ಲೌವಿಗೂ ಹಾಗೇ, ಚೆಂಡು ಬಂದು ಬೀಳುವ ಅಂಗೈ ಜಾಗಕ್ಕೇ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಹಚ್ಚಿದೆ. ಬೆಳಗ್ಗೆ ಚೇತನ್ ಅದನ್ನು ಟಿಶ್ಯೂವಿನಲ್ಲಿ ಒರೆಸಿಕೊಂಡ.

ಮ್ಯಾಚಿನಲ್ಲಿ ಮೊದಲ ಚೆಂಡು ಹಿಡಿದು ಎಸೆದ. ಔಟ್! ನಾನು ಎದ್ದು ಕೂಗಿದೆ. ಮುಂದಿನದೂ ಔಟ್. ಆಮೇಲೆ ನೋಡುತ್ತೇನೆ, ಇವನ ತಂಡದಲ್ಲಿ ಚೆಂಡೆಸೆಯುವ ಹುಡುಗ, ಪಿಚರ್, ಒಮ್ಮೆ ಚೆಂಡನ್ನು, ಒಮ್ಮೆ ತನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದಾನೆ. ಬಿಸಿಲಿಗೆ, ಬೆವರಿಗೆ ಗ್ಲೌವಿನ ಚರ್ಮಕ್ಕೆ ಇಂಗಿದ್ದ ಎಣ್ಣೆ ಕುಂಕುಮ ಇಳಿದು ಬಿಳಿ ಚೆಂಡು ಕೆಂಪಾಗಿತ್ತು.

ಎದುರು ತಂಡದ ಕೋಚ್ ಓಡಿ ಬಂದ. ಚೆಂಡಿಗೆ ಏನೋ ಹಚ್ಚಿ ಮೋಸ ಮಾಡುತ್ತಿದ್ದಾನೆ, ಹುಡುಗನನ್ನು ಹೊರಗೆ ಹಾಕಿ ಎಂದು ಕೂಗಾಡಿದ. ಅಂಪೈರ್ ಗ್ಲೌ ಈಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ರೀ, ಒಂದು ಬೊಟ್ಟು ಇಟ್ಟಿದ್ರೆ ಸಾಕಾಗ್ತಿರಲಿಲ್ವಾ? ಗೋಡೆಗೆ ಬಣ್ಣ ಬಳಿದ ಹಾಗೆ ಬಳಿದಿದ್ದೀರಲ್ಲ!" ಎಂದಳು ಸವಿತಾ.

ನಾನು ಬೇಲಿ ಹತ್ತಿರ ಓಡಿದೆ. "ಸರ್, ಐ ಪುಟ್! ಮೈ ಸನ್ ನೋ ಮಿಸ್ಟೇಕ್!" ಎಂದು ಕೂಗಿದೆ.

ಚೇತನ್ ನನ್ನ ಕಡೆ ಕೈ ಎತ್ತಿದ. "ಅಪ್ಪ, ಐ ಗಾಟ್ ಇಟ್," ಅಂದ, ನಾನು ನೋಡಿಕೊಳ್ಳುತ್ತೇನೆ ಅನ್ನುವ ಹಾಗೆ. ಆಮೇಲೆ ಅಂಪೈರ್ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಕೆಲಸದ ಸಾಮಾನಿಗೆ ಪೂಜೆ ಮಾಡುತ್ತೇವೆ, ಅಪ್ಪನ ಸಾಮಾನಿನ ಜೊತೆ ನನ್ನ ಗ್ಲೌವನ್ನೂ ಇಟ್ಟಿದ್ದರು, ಇದು ಆ ಬಣ್ಣ, ಸರ್.

ಗೆಳೆಯರು ಮನೆಗೆ ಬಂದರೆ ದೇವರ ಕೋಣೆ ಬಾಗಿಲು ಮುಚ್ಚಿ ಬರುತ್ತಿದ್ದ ಹುಡುಗ ಇವನು.

ಅಂಪೈರ್ ಆಟಕ್ಕೆ ಬಿಟ್ಟರು, ಆದರೆ ಆ ಗ್ಲೌ ಬೇಡ ಅಂದರು. ಬೆಂಚಿನಲ್ಲಿದ್ದ ಹುಡುಗನೊಬ್ಬ ತನ್ನದು ಕೊಟ್ಟ. ಅದು ಇವನ ಕೈಗೆ ದೊಡ್ಡದು. ಬಂದ ಮೊದಲ ಚೆಂಡೇ ಪುಟಿದು ಆಚೆ ಹೋಯಿತು. ಸ್ಕೌಟ್ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಹಾಳು ಮಾಡಿಬಿಟ್ಟೆನಲ್ಲ ಅಂದುಕೊಂಡೆ.

ಕೊನೆಯ ಇನ್ನಿಂಗ್ಸ್. ನಾವು ಒಂದೇ ರನ್ ಮುಂದೆ. ಅವರಿಗೆ ಉಳಿದದ್ದು ಒಂದೇ ವಿಕೆಟ್ಟು, ನಮ್ಮ ಭಾಷೆಯಲ್ಲಿ ಹೇಳುವುದಾದರೆ. ಮೂರನೇ ಬೇಸಿನಲ್ಲಿ ಅವರ ಹುಡುಗ ಓಡಲು ತಯಾರಾಗಿ ನಿಂತಿದ್ದ. ಬ್ಯಾಟಿಗೆ ತಾಗಿದ ಚೆಂಡು ನಿಧಾನಕ್ಕೆ ಉರುಳಿ ಬಂತು. ಕಾದು ನಿಂತರೆ ಕೆಟ್ಟಂತೆ. ಚೇತನ್ ಮುಂದೆ ನುಗ್ಗಿದ, ಗ್ಲೌ ಒಡ್ಡಲೇ ಇಲ್ಲ. ಬರಿಗೈಯಲ್ಲಿ ಬಾಚಿ, ಓಡುತ್ತಲೇ ಎಸೆದ. ಚಿಕ್ಕವನಿದ್ದಾಗ ಗ್ಯಾರೇಜಿನ ಮುಂದೆ ನಾನು ಹಾಗೇ ಹಿಡಿಸುತ್ತಿದ್ದೆ. ಕ್ರಿಕೆಟ್ ಆಡಿ ಬೆಳೆದವನಿಗೆ ಇನ್ನೇನು ಗೊತ್ತಿತ್ತು? ಬ್ಯಾಟ್ ಬೀಸಿದವನಿಗಿಂತ ಮುಂಚೆ ಚೆಂಡು ಮೊದಲನೇ ಬೇಸ್ ಮುಟ್ಟಿತು. ಔಟ್!

ಸ್ಕೌಟ್ ತಾವಾಗಿಯೇ ನನ್ನ ಹತ್ತಿರ ಬಂದು ಕೈ ಕೊಟ್ಟರು. "ಒಮ್ಮೆ ಚೆಂಡು ಕೈಬಿಟ್ಟ ಮೇಲೆ ಹುಡುಗರು ಹಿಂದೆ ಸರೀತಾರೆ. ನಿಮ್ಮ ಹುಡುಗ ಮುಂದೆ ಬಂದ. ಹ್ಯೂಸ್ಟನ್‌ಗೆ ಕರ್ಕೊಂಡು ಬನ್ನಿ, ನಮ್ಮ ಕೋಚ್ ನೋಡ್ಲಿ," ಎಂಬ ಅರ್ಥದಲ್ಲಿ ಹೇಳಿದರು.

ವ್ಯಾನಿನಲ್ಲಿ ಕೇಳಿದೆ, "ಸಿಟ್ಟಾ ಮಗಾ?"

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು ಕನ್ನಡದಲ್ಲಿ, "ಇಲ್ಲಪ್ಪ. ಮುಂದಿನ ಸಲ ಹೊರಗಡೆ ಹಚ್ಚು," ಅಂದ. ಸವಿತಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಈಗ ಅವನು ಆ ಕಾಲೇಜಿನ ತಂಡದಲ್ಲೇ ಇದ್ದಾನೆ. ಆಟ ಚೆನ್ನಾಗಿ ಆಡುತ್ತಾನೆಂದು ನನಗೆ ಮೊದಲಿಂದಲೂ ಗೊತ್ತಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಷ್ಟು ಜನರ ಮುಂದೆ ನನ್ನ ಕೆಲಸದ ಸಾಮಾನನ್ನೂ ತನ್ನ ಗ್ಲೌವನ್ನೂ ಒಂದೇ ಉಸಿರಿನಲ್ಲಿ ಹೇಳಿದನಲ್ಲ, ಅದನ್ನು ನೆನೆದಾಗಲೆಲ್ಲ ಮಂಡಿಯೂರಿ ಟೈಲ್ಸ್ ಹಾಕುತ್ತಿದ್ದರೂ ನನ್ನ ಬೆನ್ನು ನೆಟ್ಟಗಾಗುತ್ತದೆ.